ಇಪ್ಪತ್ತರ ಮುಂದಿನ ಅಳತೆ

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೧೧, ಮಂಗಳವಾರ, ಮಧ್ಯಾಹ್ನ

ನನ್ನ ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಮೊದಲು ನಿಮ್ಮ ಮೊಣಕಾಲಿನ ವಿಷಯ ಹೇಳಿ. ಅಕ್ಕನ ಮನೆಯ ಮೆಟ್ಟಿಲು ಹತ್ತಿ ಇಳಿದು ನೋವು ಜಾಸ್ತಿಯಾಗಿಯೇ ಇರುತ್ತದೆ, ಕೇಳಿದರೆ ಮಾತ್ರ "ಏನಿಲ್ಲ, ಏನಿಲ್ಲ" ಅನ್ನುತ್ತೀರಿ. ಬಿಸಿನೀರಿನ ಚೀಲವನ್ನು ನಿಮ್ಮ ಪೆಟ್ಟಿಗೆಯ ತಳದಲ್ಲಿ, ಟವೆಲ್ಲಿನ ಕೆಳಗೆ ಇಟ್ಟಿದ್ದೇನೆ. ಈ ಮೂರು ವಾರದಲ್ಲಿ ಅದನ್ನು ನೀವು ನೋಡಿಯೇ ಇರುವುದಿಲ್ಲ, ಬೇಕಾದರೆ ಬಾಜಿ ಕಟ್ಟುತ್ತೇನೆ. ಅಕ್ಕನ ಸೊಂಟದ ಮೂಳೆ ಕೂಡಿಕೊಳ್ಳುತ್ತಿದೆಯಾ? ವಾಕರ್ ಹಿಡಿದು ಬಾಗಿಲವರೆಗೆ ನಡೆದರು ಎಂದು ಮೊನ್ನೆ ಹೇಳಿದಿರಿ, ಕೇಳಿ ಖುಷಿಯಾಯಿತು. ತಮ್ಮ ಬಂದಿದ್ದಾನೆ ಎಂದು ಆ ಸೊಂಟ ಹೊತ್ತುಕೊಂಡು ಒಲೆ ಮುಂದೆ ನಿಲ್ಲಬೇಡಿ ಎಂದು ನಾನು ಹೇಳಿದೆನೆಂದು ಹೇಳಿ. ತಮ್ಮನಿಗೆ ಅಡುಗೆ ಬರದಿದ್ದರೂ ಪಾತ್ರೆ ತೊಳೆಯಲು ಚೆನ್ನಾಗಿ ಬರುತ್ತದೆ, ಅದಕ್ಕೆ ನಾನೇ ಸಾಕ್ಷಿ.

ಇಲ್ಲಿ ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ ಅಂದುಕೊಳ್ಳಿ. ದಿನಾ ಫೋನಿನಲ್ಲಿ ಮಾತಾಡುವವಳು ಇದ್ದಕ್ಕಿದ್ದ ಹಾಗೆ ಪತ್ರ ಯಾಕೆ ಬರೆಯುತ್ತಿದ್ದಾಳೆ ಎಂದು ನಿಮಗೆ ಆಗಲೇ ಅನುಮಾನ ಬಂದಿರುತ್ತದೆ. ಫೋನಿನಲ್ಲಿ ಅಕ್ಕ ಪಕ್ಕದಲ್ಲೇ ಇರುತ್ತಾರೆ. ಅಲ್ಲದೆ ನೀವು ಅರ್ಧಕ್ಕೇ ಬಾಯಿ ಹಾಕುತ್ತೀರಿ, ಆಮೇಲೆ ನಾನು ಹೇಳಬೇಕಾದ್ದು ಬಿಟ್ಟು ನೀವು ಬಾಯಿ ಹಾಕಿದ್ದರ ಬಗ್ಗೆಯೇ ಜಗಳವಾಗುತ್ತದೆ. ಇವತ್ತು ರಜೆ ಹಾಕಿ ಕೂತಿದ್ದೇನೆ. ಬೆಳಿಗ್ಗೆಯಿಂದ ಎರಡು ಹಾಳೆ ಬರೆದು ಹರಿದಾಯಿತು, ಇದು ಮೂರನೆಯದು. ದಯವಿಟ್ಟು ಕೂತುಕೊಂಡು ಓದಿ, ನಿಂತುಕೊಂಡು ಬೇಡ.

ಔಷಧ ವಿಭಾಗದ ನಮ್ಮ ಜೊತೆಗಾತಿ "ಎರಡುಸಲ"ವನ್ನು ಕೆಲಸಕ್ಕೆ ಬರಬೇಡ ಎಂದು ಮನೆಯಲ್ಲಿ ಕೂರಿಸಿದ್ದಾರೆ. ಫೋನಿನಲ್ಲಿ ಅವಳು ರಜೆಯಲ್ಲಿದ್ದಾಳೆ ಎಂದಿದ್ದೆ, ಅದು ಸುಳ್ಳು. ಆ ಹೆಸರು ಅವಳಿಗೆ ಇಟ್ಟವರು ನೀವೇ. ಬೀರುವಿಗೆ ಬೀಗ ಹಾಕಿದರೆ ಎರಡು ಸಲ ಜಗ್ಗಿ ನೋಡುತ್ತಾಳೆ, ಲೇಬಲ್ ಅಂಟಿಸಿದರೆ ಎರಡು ಸಲ ಓದುತ್ತಾಳೆ, ಒಂದು ಸೀನು ಬಂದರೂ ಇನ್ನೊಂದಕ್ಕೆ ಕಾಯುತ್ತಾಳೆ ಎಂದು ತಮಾಷೆ ಮಾಡುತ್ತಿದ್ದಿರಿ. ಅವಳ ಮೇಲೆ ಈಗ ವಿಚಾರಣೆ ನಡೆಯುತ್ತಿದೆ. ಅವಳು ಬೆರೆಸಿ ಕೊಟ್ಟ ಔಷಧ ಕುಡಿದು ನಾಲ್ಕು ವರ್ಷದ ಒಂದು ಮಗು ಎರಡು ದಿನ ಕಣ್ಣು ಬಿಡಲಿಲ್ಲ. ನಿಮಗೆ ಆ ಮಗು ಗೊತ್ತು. ಫಿಟ್ಸ್ ಬರುತ್ತದಲ್ಲ, ಮುಂದಿನ ಹಲ್ಲಿಲ್ಲದ ಹುಡುಗಿ, ಕೌಂಟರಿನ ಕಟ್ಟೆಗೆ ಗಲ್ಲ ಊರಿ ನಿಮ್ಮ ಕನ್ನಡಕ ಕೇಳುತ್ತಿದ್ದಳಲ್ಲ, ಅವಳು. ಶನಿವಾರ ಬೆಳಿಗ್ಗೆ ಎದ್ದಳು, ಹೆದರಬೇಡಿ. ಎದ್ದು ನೀರು ಕೇಳಿದಳಂತೆ. ಆದರೂ ಆ ಎರಡು ದಿನ ನಾವೆಲ್ಲ ಹೇಗಿದ್ದೆವು ಎಂದು ಬರೆಯಲು ನನಗೆ ಬರುವುದಿಲ್ಲ.

ನಡೆದದ್ದನ್ನು ಸಾಲಾಗಿ ಹೇಳುತ್ತೇನೆ. ಮಗುವಿಗೆ ಹೊತ್ತಿಗೆ ಎರಡು ಮಿಲಿ, ದಿನಕ್ಕೆ ಎರಡು ಹೊತ್ತು, ಒಂದು ವರ್ಷದಿಂದ ಅದರಲ್ಲೇ ಚೆನ್ನಾಗಿದ್ದಳು. ಫೆಬ್ರವರಿ ಹದಿನೇಳಕ್ಕೆ ಒಂದು ಬಾಟಲಿ ಹೋಯಿತು. ಅದನ್ನು ಶುರು ಮಾಡಿ ನಾಲ್ಕೈದು ದಿನಕ್ಕೆ ಮತ್ತೆ ಫಿಟ್ಸ್ ಬಂತು. ಡಾಕ್ಟರು ಎರಡನ್ನು ಮೂರು ಮಿಲಿ ಮಾಡಿದರು, ಆಗಲೂ ನಿಲ್ಲಲಿಲ್ಲ, ಐದು ಮಾಡಿದರು. ಬಾಟಲಿ ಖಾಲಿಯಾಯಿತು. ಮಾರ್ಚ್ ನಾಲ್ಕಕ್ಕೆ ಎರಡುಸಲ ಹೊಸ ಬಾಟಲಿ ಮಾಡಿ ಕೊಟ್ಟಳು. ತಾಯಿ ಅದೇ ಐದು ಮಿಲಿ ಕುಡಿಸಿದಳು. ಎರಡು ದಿನಕ್ಕೆ, ಗುರುವಾರ ಬೆಳಿಗ್ಗೆ, ಮಗುವನ್ನು ಎಷ್ಟು ಅಲುಗಾಡಿಸಿದರೂ ಏಳಲಿಲ್ಲ. ತಾಯಿ ಗಾಬರಿಯಲ್ಲಿ ಉಳಿದ ಔಷಧವನ್ನೆಲ್ಲ ಬಚ್ಚಲಿಗೆ ಸುರಿದು ಮಗುವನ್ನು ಎತ್ತಿಕೊಂಡು ಓಡಿ ಬಂದಿದ್ದಾಳೆ. ಹಾಗಾಗಿ ಪರೀಕ್ಷೆಗೆ ಕಳಿಸಲು ಒಂದು ಹನಿಯೂ ಇಲ್ಲ.

ನಮ್ಮ ದೊಡ್ಡವರ ತೀರ್ಮಾನ ಏನು ಗೊತ್ತೇ? ಅದೇ ಮಗು, ಅದೇ ಐದು ಮಿಲಿ, ಹಿಂದಿನ ಬಾಟಲಿಯಲ್ಲಿ ಏನೂ ಆಗಲಿಲ್ಲ, ಈ ಬಾಟಲಿಯಲ್ಲಿ ಆಯಿತು. ಹಾಗಾದರೆ ಈ ಬಾಟಲಿಯ ಔಷಧವೇ ಬೇಕಾದ್ದಕ್ಕಿಂತ ಗಟ್ಟಿ. ಲೆಕ್ಕದ ಹಾಳೆ ಸರಿಯಾಗಿದೆ, ಆದ್ದರಿಂದ ಅಳೆಯುವಾಗ ಅವಳ ಕೈ ತಪ್ಪಿರಬೇಕು. ಇಲ್ಲದಿದ್ದರೆ ತಾಯಿಯ ಕೈ ತಪ್ಪಿರಬೇಕು. ಎರಡರಲ್ಲಿ ಒಂದು. ದೊಡ್ಡವರೇ, ವಿಭಾಗದ ಮುಖ್ಯಸ್ಥರಾಗಿ, ಅಷ್ಟು ಖಡಾಖಂಡಿತವಾಗಿ ಹೇಳಿದ ಮೇಲೆ ನಾವೆಲ್ಲ ತಲೆಯಾಡಿಸಿದೆವು. ನಾನೂ ಆಡಿಸಿದೆ. ಎರಡುಸಲ ಮಾತ್ರ ಬೆರಳು ಮಡಚಿ ಏನೋ ಎಣಿಸುತ್ತಾ ನಿಂತಿದ್ದಳು.

ಆ ತಾಯಿ ಶನಿವಾರ ಮಧ್ಯಾಹ್ನ ಕೌಂಟರಿಗೆ ಬಂದಳು. ಬೈಯಲು ಬಂದಳೇನೋ ಎಂದು ನಾನು ಮೈ ಗಟ್ಟಿ ಮಾಡಿಕೊಂಡೆ. ಅವಳು ಚೀಲದಿಂದ ಸಿರಿಂಜ್ ತೆಗೆದಳು, ಒಂದು ಲೋಟ ನೀರು ಕೇಳಿದಳು. "ನಾನು ಎಳೆಯೋದು ಸರಿನಾ ಒಂದ್ಸಲ ನೋಡಿ ಮೇಡಂ, ನನ್ನ ಕೈಯೇ ಸರಿಯಿಲ್ಲ ಅನ್ಸುತ್ತೆ" ಎಂದಳು. ಸಿರಿಂಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಗುಳ್ಳೆ ತಟ್ಟಿ ತೆಗೆದು, ಗೆರೆಗೆ ಸರಿಯಾಗಿ ಐದು ಮಿಲಿ ಎಳೆದಳು. ನಮ್ಮಲ್ಲಿ ಕೆಲವರಿಗೂ ಅಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ. ಸರಿ ಇದೆಯಮ್ಮ ಎಂದೆ. ಅವಳು ನಂಬಲಿಲ್ಲ, ಮತ್ತೆ ಎಳೆದಳು. ಹಾಗೇ ಮಾತಿಗೆ ಮಾತು ಬಂದು, ಮಗು ಈ ಔಷಧಕ್ಕೆ ಬಹಳ ಹಠ ಮಾಡುತ್ತದೆ, ಕಹಿ ಎಂದು ಉಗುಳುತ್ತದೆ ಎಂದಳು. "ಮೊನ್ನೆಯದರ ಹಿಂದಿನ ಬಾಟ್ಲಿ ಒಂದನ್ನ ಮಾತ್ರ ಗಲಾಟೆ ಇಲ್ದೆ ಕುಡಿದ್ಲು. ಇನ್ನೂ ಕೊಡು ಅಂತ ಬಾಯಿ ತೆರೀತಿದ್ಲು" ಎಂದಳು. ಹೇಳಿ ಸ್ವಲ್ಪ ನಕ್ಕಳು ಕೂಡ.

ಆ ಔಷಧವನ್ನು ಬೇಕೆಂದು ಬಾಯಿ ತೆರೆಯುವ ಮಗು ಈ ಭೂಮಿಯ ಮೇಲೆ ಇಲ್ಲ ರೀ. ನಾಲಿಗೆಗೆ ಒಂದು ಹನಿ ತಾಗಿದರೆ ಊಟದ ಹೊತ್ತಿನವರೆಗೂ ಕಹಿ ಹೋಗುವುದಿಲ್ಲ ಎಂದು ನಿಮಗೂ ಗೊತ್ತು. ಅವಳನ್ನು ಕಳಿಸಿ ನಾನು ನೇರ ಕಡತಗಳ ಬೀರುವಿನ ಹತ್ತಿರ ಹೋದೆ. ಫೆಬ್ರವರಿ ಹದಿನೇಳರ ಹಾಳೆ ತೆಗೆದೆ. ಮೇಲೆ ನಾವು ತೆಳು ಮಾಡಿ ಕೊಡುವ ಮೂಲ ದ್ರಾವಣದ ಲೇಬಲಿನ ಚೀಟಿ, ನಮ್ಮ ನಿಯಮದಂತೆ ಅಂಟಿಸಿದ್ದು. ಹೊಸ ಸರಬರಾಜುದಾರರದ್ದು, ಅವತ್ತೇ ಮೊದಲ ಸಲ ಒಡೆದದ್ದು. ಅದರಲ್ಲಿ ಅಚ್ಚಾಗಿರುವುದು: ಒಂದು ಮಿಲಿಗೆ ಇಪ್ಪತ್ತು ಮಿಲಿಗ್ರಾಂ. ಅದರಿಂದ ಎರಡು ಬೆರಳು ಕೆಳಗೆ, ದುಂಡಗಿನ ಅಕ್ಷರದಲ್ಲಿ: ಶೇಕಡಾ ಇಪ್ಪತ್ತು. ಅದರ ಕೆಳಗೆ: ಐದು ಮಿಲಿ ತೆಗೆದು, ಸಿಹಿ ಪಾಕ ಹಾಕಿ ನೂರಕ್ಕೆ ತುಂಬಿಸಿದೆ. ಆ ದುಂಡಗಿನ ಅಕ್ಷರ ನಿಮ್ಮದು.

ನಿಮಗೆ ಇದನ್ನು ಹೇಳಿಕೊಡುವಷ್ಟು ದೊಡ್ಡವಳು ನಾನಲ್ಲ, ಆದರೂ ಬರೆಯುತ್ತೇನೆ, ಯಾಕೆಂದರೆ ನನಗೇ ಇನ್ನೂ ನಂಬಿಕೆ ಬರುತ್ತಿಲ್ಲ. ಶೇಕಡಾ ಇಪ್ಪತ್ತು ಎಂದರೆ ನೂರು ಮಿಲಿಯಲ್ಲಿ ಇಪ್ಪತ್ತು ಗ್ರಾಂ, ಅಂದರೆ ಒಂದು ಮಿಲಿಗೆ ಇನ್ನೂರು ಮಿಲಿಗ್ರಾಂ. ಹಳೆಯ ಸರಬರಾಜುದಾರರ ದ್ರಾವಣ ಅದೇ ಆಗಿತ್ತು. ಹತ್ತು ವರ್ಷ ಅದರಿಂದ ಐದು ಮಿಲಿ ತೆಗೆದು ನೂರು ಮಾಡಿದ್ದೀರಿ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಐದು ಅನ್ನುತ್ತೀರಿ. ಹೊಸದು ಒಂದು ಮಿಲಿಗೆ ಬರೀ ಇಪ್ಪತ್ತು ಮಿಲಿಗ್ರಾಂ, ಹತ್ತರಲ್ಲೊಂದು ಪಾಲು. ಅದರಿಂದ ಐವತ್ತು ಮಿಲಿ ತೆಗೆಯಬೇಕಿತ್ತು. ನೀವು ಇಪ್ಪತ್ತನ್ನು ನೋಡಿದಿರಿ, ಅದರ ಮುಂದಿನ ಅಳತೆಯನ್ನು ನೋಡಲಿಲ್ಲ. ಎರಡುಸಲ ನೋಡಿದಳು, ಐವತ್ತು ತೆಗೆದಳು. ಅವಳ ಬಾಟಲಿ ಸರಿಯಾಗಿತ್ತು ರೀ. ನಮ್ಮದೇ ನೀರಾಗಿತ್ತು. ಮಗುವಿಗೆ ಹದಿನೈದು ದಿನ ಹತ್ತರಲ್ಲೊಂದು ಪಾಲು ಔಷಧ ಹೋಯಿತು, ಫಿಟ್ಸ್ ಬಂತು. ಡಾಕ್ಟರು ಪಾಪ, ಔಷಧ ಸಾಲುತ್ತಿಲ್ಲ ಎಂದು ಏರಿಸುತ್ತಾ ಹೋದರು. ಏರಿಸಿದ ಮೇಲೆ ಸರಿಯಾದ ಬಾಟಲಿ ಬಂತು. ನಡುವೆ ಆ ಔಷಧ ಬೇರೆ ಯಾವ ಮಗುವಿಗೂ ಹೋಗಿಲ್ಲ, ಪುಸ್ತಕ ಪೂರ್ತಿ ತಿರುವಿ ನೋಡಿದೆ, ಅದೊಂದೇ ಪುಣ್ಯ.

ನಮ್ಮದು ಎಂದೆ. ತಪ್ಪಿ ಬರೆದದ್ದಲ್ಲ. ನಿಮ್ಮ ಅಕ್ಷರದ ಕೆಳಗೆ "ಪರಿಶೀಲಿಸಿದೆ" ಎಂದು ಸಹಿ ಹಾಕಿದವಳು ನಾನು. ಸಹಿ ಮಾಡಿದ ನಿಮಿಷ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ನಿಮ್ಮ ಸೈಕಲನ್ನು ನಾನು ಗುಜರಿಯವನಿಗೆ ಕೊಟ್ಟ ನಾಲ್ಕನೇ ದಿನ ಅದು. ಹನ್ನೊಂದು ವರ್ಷದಿಂದ ಅಲುಗಾಡದ ಸೈಕಲ್ಲು, ಮೆಟ್ಟಿಲ ಕೆಳಗೆ ಜೇಡ ಸಂಸಾರ ಹೂಡಿದ್ದ ಸೈಕಲ್ಲು, ಅದಕ್ಕೆ ನೀವು ಮುಖ ಊದಿಸಿಕೊಂಡು ಮಾತು ಬಿಟ್ಟಿರಿ. ನಾನೇನು ಕಡಿಮೆಯೇ, ನಾನೂ ಬಿಟ್ಟೆ. ಮನೆಯಲ್ಲಿ ಮಾತಿಲ್ಲ, ಬಸ್ಸಿನಲ್ಲಿ ಮಾತಿಲ್ಲ, ಆಸ್ಪತ್ರೆಯಲ್ಲಿ ಎರಡುಸಲ ನಮ್ಮ ಅಂಚೆಯವಳು. "ಅಕ್ಕಾ, ಸರ್ ಊಟದ ಡಬ್ಬಿ ಎಲ್ಲಿ ಅಂತಿದ್ದಾರೆ." "ಸರ್, ಅಕ್ಕ ನಿಮ್ಮ ಮೂಗಿನ ಕೆಳಗೇ ಇದೆ ಅಂತಿದ್ದಾರೆ." ಆ ಸೋಮವಾರ ಅವಳು ಮಧ್ಯಾಹ್ನ ಬರುವವಳಿದ್ದಳು. ಬೆಳಿಗ್ಗೆ ಮಿಶ್ರಣದ ಕೋಣೆಯಲ್ಲಿ ನಾವಿಬ್ಬರೇ.

ಬೇರೆ ದಿನವಾಗಿದ್ದರೆ ನೀವು ಜೋರಾಗಿ ಓದುತ್ತಿದ್ದಿರಿ. ನೀವೇ ತಂದ ಪದ್ಧತಿ, ಹೊಸದಾಗಿ ಬಂದವರನ್ನೆಲ್ಲ ಅದೇ ಮೂರು ಪ್ರಶ್ನೆಗೆ ಪಳಗಿಸಿದ್ದೀರಿ: ಬೇಕಾದ್ದು ಎಷ್ಟು, ಇರೋದು ಎಷ್ಟು, ಯಾವ ಅಳತೆಯಲ್ಲಿ? ಕೇಳುವವರು ಕೇಳಬೇಕು, ಹೇಳುವವರು ಚೀಟಿಯ ಮೇಲೆ ಬೆರಳಿಟ್ಟು ಹೇಳಬೇಕು. ಅವತ್ತು ನೀವು ಹಾಳೆಯನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದಿರಿ, ತಳ್ಳಿ ಕಿಟಕಿ ನೋಡುತ್ತಾ ನಿಂತಿರಿ. ಯಾವ ಅಳತೆಯಲ್ಲಿ ಎಂದು ನಾನು ಕೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಕೇಳಿದರೆ ಮೊದಲು ಮಾತಾಡಿದವಳು ನಾನಾಗುತ್ತೇನೆ, ಸೋತ ಹಾಗಾಗುತ್ತದೆ ಎಂದು ನುಂಗಿಕೊಂಡೆ. ಸಹಿ ಹಾಕಿ, ಅದೇ ಜೋರಿನಲ್ಲಿ ಹಾಳೆಯನ್ನು ವಾಪಸು ತಳ್ಳಿದೆ. ನಾನು ಲೆಕ್ಕವನ್ನು ನೋಡಲೇ ಇಲ್ಲ ರೀ. ಐದು ಎಂದಿತ್ತು, ಐದೇ ಇರಬೇಕು ಎಂದುಕೊಂಡೆ. ಎರಡು ದಿನದ ಮೇಲೆ ಅಕ್ಕ ಬಿದ್ದ ಸುದ್ದಿ ಬಂದಾಗ ನೀವು "ನನ್ನ ಸ್ವೆಟರ್ ಎಲ್ಲಿ?" ಎಂದು ಮೊದಲು ಬಾಯಿ ಬಿಟ್ಟಿರಿ. ನಾನು ಗೆದ್ದೆ ಎಂದು ಮನಸ್ಸಿನಲ್ಲೇ ಹಿಗ್ಗಿದ್ದೆ. ಅದನ್ನು ನೆನೆದರೆ ಈಗ ಮೈಯೆಲ್ಲ ಹೇಸಿಗೆಯಾಗುತ್ತದೆ.

ಹಾಳೆ ಶನಿವಾರದಿಂದ ನಮ್ಮ ಮನೆಯಲ್ಲಿದೆ. ಕಡತದಿಂದ ತೆಗೆದವಳು ವಾಪಸು ಇಡಲಿಲ್ಲ, ಯಾರಿಗೂ ಹೇಳಲೂ ಇಲ್ಲ, ಮಡಚಿ ಚೀಲಕ್ಕೆ ಹಾಕಿಕೊಂಡು ಬಂದೆ. ಯಾಕೆ ಎಂದು ಕೇಳಬೇಡಿ, ನಿಮಗೆ ಗೊತ್ತು ಯಾಕೆ ಎಂದು. ಜೂನಿನಲ್ಲಿ ನಿಮ್ಮ ನಿವೃತ್ತಿ. ಪ್ರತಿ ತರಬೇತಿಯಲ್ಲೂ ದೊಡ್ಡವರು ನಿಮ್ಮನ್ನು ಎದ್ದು ನಿಲ್ಲಿಸಿ "ಮೂವತ್ತೊಂದು ವರ್ಷ, ಒಂದೇ ಒಂದು ತಪ್ಪು ಲೇಬಲ್ ಇಲ್ಲ" ಎಂದು ಚಪ್ಪಾಳೆ ಹೊಡೆಸುತ್ತಾರೆ. ನೀವು ಬೇಡ ಬೇಡ ಎಂದು ಕೈಯಾಡಿಸುತ್ತೀರಿ, ಮನೆಗೆ ಬಂದು ಸಂಜೆಯೆಲ್ಲ ಸಿಳ್ಳೆ ಹಾಕುತ್ತೀರಿ. ಆ ಹಾಳೆಯನ್ನು ಒಲೆಗೆ ಹಿಡಿಯೋಣ ಎಂದು ಭಾನುವಾರ ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಒಲೆ ಹಚ್ಚಿಯೂ ಆಗಿತ್ತು. ಆಮೇಲೆ ಅದರ ಮೇಲೆ ಹಾಲು ಇಟ್ಟೆ.

ನಿನ್ನೆ ಎರಡುಸಲ ಫೋನ್ ಮಾಡಿದಳು. ಅತ್ತಿರಲಿಲ್ಲ, ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. "ಅಕ್ಕಾ, ನನ್ನ ಲೆಕ್ಕ ಇನ್ನೊಂದ್ಸಲ ನೋಡ್ತೀರಾ? ಮನೇಲಿ ಕೂತು ಇಪ್ಪತ್ತು ಸಲ ಮಾಡ್ದೆ, ಅದೇ ಉತ್ತರ ಬರುತ್ತೆ. ಎಲ್ಲಿ ತಪ್ಪಿದೀನಿ ಅಂತಾನೇ ಗೊತ್ತಾಗ್ತಿಲ್ಲ. ಗೊತ್ತಾಗ್ದೇ ಇದ್ರೆ ಮತ್ತೆ ಅದನ್ನೇ ಮಾಡ್ತೀನಿ ಅಲ್ವಾ?" ಎಂದಳು. ನಾಳೆ ಅವಳು ತಪ್ಪೊಪ್ಪಿಗೆ ಬರೆದುಕೊಡುತ್ತಾಳಂತೆ. ದೊಡ್ಡವರೇ ಹೇಳಿದರಂತೆ, ಒಪ್ಪಿಕೊಂಡರೆ ಬೇಗ ಮುಗಿಯುತ್ತದೆ, ಕೌಂಟರಿನ ಕೆಲಸ ಕೊಡುತ್ತೇವೆ, ಮಿಶ್ರಣದ ಕೋಣೆಗೆ ಮಾತ್ರ ಇನ್ನು ಬರುವ ಹಾಗಿಲ್ಲ ಎಂದು. ಒಂಬತ್ತು ವರ್ಷ ಮನೆಯಲ್ಲಿದ್ದು, ಮಕ್ಕಳು ಶಾಲೆಗೆ ಸೇರಿದ ಮೇಲೆ ಮತ್ತೆ ಓದಿ, ಪರೀಕ್ಷೆ ಬರೆದು ಈ ಕೋಣೆಗೆ ಬಂದವಳು. ಫೋನಿಟ್ಟ ಮೇಲೆ ನಾನು ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅತ್ತೆ. ಮನೆಯಲ್ಲಿ ಯಾರೂ ಇಲ್ಲ, ಆದರೂ ನಲ್ಲಿ ಬಿಟ್ಟುಕೊಂಡೆ ನೋಡಿ.

ಇದು ಅವಳ ಕೆಲಸದ ಮಾತು ಮಾತ್ರವೂ ಅಲ್ಲ. ಎರಡು ಮಿಲಿಯಲ್ಲಿ ಈ ಔಷಧ ಮಗುವಿಗೆ ಹತ್ತುತ್ತಿಲ್ಲ ಎಂದು ಡಾಕ್ಟರು ಫೈಲಿನಲ್ಲಿ ಬರೆದುಬಿಟ್ಟಿದ್ದಾರೆ. ಸದ್ಯಕ್ಕೆ ಇಂಜೆಕ್ಷನ್ನಿನ ಮೇಲೆ ಇಟ್ಟಿದ್ದಾರೆ, ಗುರುವಾರದಿಂದ ಬೇರೆ ಔಷಧ, ಇನ್ನೂ ಕಟುವಾದದ್ದು, ತಿಂಗಳು ತಿಂಗಳು ರಕ್ತ ತೆಗೆದು ಯಕೃತ್ತು ಹೇಗಿದೆ ನೋಡುತ್ತಿರಬೇಕಾದದ್ದು. ಹತ್ತುತ್ತಿದ್ದ ಔಷಧವನ್ನು ಬಿಡಿಸಿ ಅದನ್ನು ಕೊಡುತ್ತಾರೆ. ನಾವು ಸುಮ್ಮನಿದ್ದರೆ ಆ ಮಗು ನಮ್ಮ ಸೈಕಲ್ಲಿನ ಜಗಳಕ್ಕೆ ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಳ್ಳುತ್ತದೆ.

ಅದಕ್ಕೇ ನಾಳೆ ಬೆಳಿಗ್ಗೆ ಎಂಟಕ್ಕೆ, ಎರಡುಸಲ ಬರೆದುಕೊಡುವ ಮೊದಲು, ನಾನು ಹಾಳೆಯನ್ನು ದೊಡ್ಡವರ ಮೇಜಿನ ಮೇಲೆ ಇಡುತ್ತೇನೆ. ಮೂರು ದಿನ ಮನೆಯಲ್ಲಿ ಮುಚ್ಚಿಟ್ಟುಕೊಂಡಿದ್ದೆ ಎಂಬುದನ್ನೂ ಹೇಳುತ್ತೇನೆ. ನಿಮ್ಮ ಹೆಸರನ್ನು ಬಿಟ್ಟು ಹೇಳಲು ದಾರಿ ಇದೆಯೇ ಎಂದು ಬಹಳ ಯೋಚಿಸಿದೆ, ಇಲ್ಲ. ಫೋನ್ ಮಾಡದಿದ್ದುದಕ್ಕೆ ಮೇಲೆ ಏನೇನೋ ಕಾರಣ ಬರೆದಿದ್ದೇನೆ, ನಿಜವಾದ ಕಾರಣ ಬೇರೆ. ನೀವು ಬೇಡ ಎಂದುಬಿಟ್ಟರೆ ನಾನು ಕೇಳಿಬಿಡುತ್ತೇನೆ ಎಂಬ ಹೆದರಿಕೆ. ನೀವು ಹಾಗೆ ಅನ್ನುವವರಲ್ಲ ಎಂದು ಗೊತ್ತು. ಆದರೂ ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಗಂಡನನ್ನು ಪರೀಕ್ಷೆಗೆ ಹಚ್ಚುವ ಧೈರ್ಯ ನನಗೆ ಬರಲಿಲ್ಲ. ಬೈಯುವುದಿದ್ದರೆ ಬೈದುಬಿಡಿ, ಆದರೆ ಮಾತು ಮಾತ್ರ ಬಿಡಬೇಡಿ. ಅದೊಂದನ್ನು ಇನ್ನು ನನ್ನ ಕೈಲಿ ತಡೆಯಲು ಆಗುವುದಿಲ್ಲ.

ಅಕ್ಕನಿಗೆ ನನ್ನ ನಮಸ್ಕಾರ ಹೇಳಿ. ಬಚ್ಚಲಿಗೆ ಹೋಗುವಾಗ ಒಬ್ಬರನ್ನೇ ಬಿಡಬೇಡಿ. ನೀವು ಹೊತ್ತುಹೊತ್ತಿಗೆ ಊಟ ಮಾಡಿ, ಇದನ್ನು ಓದಿದ ಮೇಲೂ ಮಾಡಿ.

ಇಂತು,
ನಿಮ್ಮ ಜಗಳಗಂಟಿ

ಮರೆತ ಮಾತು: ಬುಧವಾರ, ಹನ್ನೊಂದೂವರೆ. ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಕೂತು ಗೀಚುತ್ತಿದ್ದೇನೆ, ಲಕೋಟೆ ಇನ್ನೂ ಅಂಟಿಸಿಲ್ಲ. ಕೊಟ್ಟೆ ರೀ. ದೊಡ್ಡವರು ಹಾಳೆಯನ್ನು ನಾಲ್ಕು ಸಲ ಓದಿದರು, ಕನ್ನಡಕ ತೆಗೆದಿಟ್ಟು ಅವರೇ ಎದ್ದು ಮಕ್ಕಳ ಡಾಕ್ಟರ ಹತ್ತಿರ ಹೋದರು. ಔಷಧ ಬದಲಿಸುವುದಿಲ್ಲ, ಮತ್ತೆ ಹಳೆಯ ಎರಡು ಮಿಲಿಯೇ. ಎರಡುಸಲಕ್ಕೆ ನಾನೇ ಫೋನ್ ಮಾಡಿದೆ, ಬೈಯಲೂ ಇಲ್ಲ ಅವಳು, "ಹಾಗಾದ್ರೆ ನನ್ನ ಐವತ್ತು ಸರಿನಾ?" ಎಂದು ಎರಡು ಸಲ ಕೇಳಿ ಅಳಲು ಶುರು ಮಾಡಿದಳು. ನನ್ನನ್ನು ಸದ್ಯಕ್ಕೆ ಮನೆಗೆ ಹೋಗಿ ಎಂದಿದ್ದಾರೆ, ಇರಲಿ. ಆದರೆ ಆ ತಾಯಿ ಒಪ್ಪುತ್ತಿಲ್ಲ. ಅವಳ ಎದುರು ನಿಂತು ಎಲ್ಲಾ ಹೇಳಿದೆ, ತಪ್ಪು ನಮ್ಮದು, ನಿನ್ನ ಕೈ ಒಂದು ದಿನವೂ ತಪ್ಪಿಲ್ಲ ಎಂದೆ. "ನನ್ನ ಸಮಾಧಾನಕ್ಕೆ ಹೇಳ್ತಿದೀರ ಮೇಡಂ, ಆ ಸರ್ ಎಲ್ಲಾದ್ರೂ ತಪ್ಪು ಮಾಡ್ತಾರಾ? ಅವ್ರು ನನ್ನ ಕೈ ಹಿಡ್ದು ಗೆರೆ ತೋರ್ಸಿದ್ರು" ಎಂದಳು. ಮಗುವಿಗೆ ಔಷಧ ಕುಡಿಸಲು ಹೆದರಿ ನರ್ಸಿನ ಕೈಗೆ ಸಿರಿಂಜ್ ಕೊಟ್ಟುಬಿಟ್ಟಿದ್ದಾಳೆ. ಸೋಮವಾರ ಅವರನ್ನು ಮನೆಗೆ ಕಳಿಸುತ್ತಾರೆ, ಮನೆಯಲ್ಲಿ ನರ್ಸ್ ಇರುವುದಿಲ್ಲ. ಅಕ್ಕನನ್ನು ಎರಡು ದಿನ ನೋಡಿಕೊಳ್ಳಲು ಅಲ್ಲಿಯ ಪಕ್ಕದ ಮನೆಯವರನ್ನು ಕೇಳಿಕೊಂಡಿದ್ದೇನೆ, ಒಪ್ಪಿದ್ದಾರೆ. ಇದನ್ನು ಇವತ್ತೇ ಕೊರಿಯರಿಗೆ ಹಾಕುತ್ತೇನೆ, ಕೈಸೇರಿದ ಕೂಡಲೇ ಬಸ್ಸು ಹತ್ತಿ. ಮನೆಗೆ ಬರಬೇಡಿ, ನನ್ನ ಹತ್ತಿರವೂ ಆಮೇಲೆ ಬನ್ನಿ, ಮೊದಲು ಮಕ್ಕಳ ವಾರ್ಡಿಗೆ ಹೋಗಿ. ನೀವೇ ತಪ್ಪು ಮಾಡಿದ್ದು ಎಂದು ಅವಳಿಗೆ ನೀವು ಹೇಳಬೇಕು, ಬೇರೆ ಯಾರು ಹೇಳಿದರೂ ಅವಳು ನಂಬುವುದಿಲ್ಲ.